ಐದೂವರೆ ತಾಸು ಹಿಂದೆ, ಐದೂವರೆ ತಾಸು ಮುಂದೆ: ಡ್ಯುಯಲ್ ಬೂಟ್ ಕಂಪ್ಯೂಟರ್ ಗಡಿಯಾರದ ರಿಪೇರಿ

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಹಾಕಿಕೊಂಡವರಿಗೆ ಈ ಕಾಟ ಹೊಸದಲ್ಲ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಟೈಮ್ ಹಿಂದೆ. ಅದನ್ನು ಸರಿ ಮಾಡಿ ಲಿನಕ್ಸ್‌ಗೆ ಹೋದರೆ ಟೈಮ್ ಮುಂದೆ. ಗುಳೇದಗುಡ್ಡದಲ್ಲಿ ನಮ್ಮ ಕಾಕಾ ಅವರ ಖಣದ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರ್ ಇದೇ ಆಟ ಆಡುತ್ತಿತ್ತು. ಸಾಲದ್ದಕ್ಕೆ ಆಗಾಗ 2012ಕ್ಕೂ ಹೋಗಿ ಕೂರುತ್ತಿತ್ತು. ಈಗ ಎರಡೂ ನಿಂತಿವೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ, ಕೈಕೊಟ್ಟ ಪ್ರಯತ್ನಗಳ ಸಮೇತ.

ಮೊದಲು ಯಂತ್ರದ ವಿವರ. ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಮೂರನೇ ತಲೆಮಾರಿನ ಕೋರ್ ಐ3, 8 ಜಿಬಿ ರ‍್ಯಾಮ್. 240 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10. ಹಳೆಯ 500 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ ಲಿನಕ್ಸ್ ಮಿಂಟ್. ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಇಷ್ಟು ಹಳೆಯ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದೂ ಇಲ್ಲ. ಹಾಗಾಗಿ ಬ್ಯಾಂಕು, ಮೇಲ್, ಬ್ರೌಸಿಂಗ್‌ಗೆಲ್ಲ ಲಿನಕ್ಸ್ ಇರಲಿ ಎಂದು ನಾನೇ ಹಾಕಿಕೊಟ್ಟಿದ್ದೆ. ಕಾಕಾ ಮಗಳು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಊರಿಗೆ ಬಂದಾಗ ಅದೇ ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಬರೆಯುತ್ತಾಳೆ.

ಹಂತ 1: ಎಷ್ಟು ತಪ್ಪಿದೆ ಎಂದು ಬರೆದುಕೊಳ್ಳುವುದು

ಮೊದಲು ಫೋನ್ ಬಂದದ್ದು ಕಾಕಾ ಅವರಿಂದ. "ಏ ತಮ್ಮಾ, ಗಿರಾಕಿ ನಗಾಕತ್ತಾನ ನೋಡು. ನಸುಕಿನ್ಯಾಗ ನಾಕೂ ಐವತ್ತಕ್ಕ ಅಂಗಡಿ ತಗದಿದ್ರೇನ್ರಿ ಅಂತ ಕೇಳಾಕತ್ತಾನ." ಆಗ ಗಂಟೆ ಬೆಳಗಿನ 10:20. ಬಿಲ್ ಮೇಲೆ ಬಿದ್ದದ್ದು 4:50.

ತಂಗಿಯ ದೂರು ಇದಕ್ಕೆ ಉಲ್ಟಾ. "ಅಣ್ಣಾ, ಇನ್ನೂ ಸಂಜಿ ಏಳು ಆಗೈತಿ, ಇದ್ರಾಗ ಆಗಲೇ ನಾಳೆ ಬಂದೈತಿ." ಲಿನಕ್ಸ್ ಐದೂವರೆ ತಾಸು ಮುಂದೆ ಓಡುತ್ತಿದ್ದರೆ ಸಂಜೆ 6:30ಕ್ಕೇ ತಾರೀಖು ಬದಲಾಗುತ್ತದೆ. ಅವಳು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಇನ್ನೂ ಒಳ್ಳೆಯ ಸುಳಿವು ಇತ್ತು. ಪ್ರೋಗ್ರಾಂ ಕಂಪೈಲ್ ಮಾಡಲು 'ಮೇಕ್' ಓಡಿಸಿದರೆ, ಈ ಫೈಲು 19612 ಸೆಕೆಂಡ್ ಭವಿಷ್ಯದಲ್ಲಿದೆ, ಗಡಿಯಾರದಲ್ಲಿ ವ್ಯತ್ಯಾಸವಿದೆ, ಬಿಲ್ಡ್ ಅರ್ಧಂಬರ್ಧ ಆಗಿರಬಹುದು ಎಂದು ಎಚ್ಚರಿಕೆ ಬರುತ್ತಿತ್ತು. ಐದೂವರೆ ತಾಸು ಎಂದರೆ 19800 ಸೆಕೆಂಡ್. ಅಂದರೆ ಅವಳು ಫೈಲ್ ಸೇವ್ ಮಾಡಿದಾಗ ಲಿನಕ್ಸ್ ಟೈಮ್ ಮುಂದಿತ್ತು. ಆಮೇಲೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿದ್ದಾಳೆ. ನೆಟ್ ಸಿಕ್ಕ ಕೂಡಲೇ ಲಿನಕ್ಸ್ ಟೈಮ್ ಸರಿ ಮಾಡಿಕೊಂಡಿದೆ. ಸೇವ್ ಮಾಡಿ ಮೂರು ನಿಮಿಷದ ಮೇಲೆ ಮೇಕ್ ಓಡಿಸಿದ್ದಾಳೆ, 188 ಸೆಕೆಂಡ್ ಕಡಿಮೆಯಾಗಿದೆ. ಲೆಕ್ಕ ಪಕ್ಕಾ.

ಇಷ್ಟಾದರೂ ಕೈ ಹಾಕಲಿಲ್ಲ. ಅಂಗಡಿಯ ನೋಟ್‌ಬುಕ್‌ನಲ್ಲಿ ಒಂದು ಪುಟ ಗೆರೆ ಹಾಕಿಸಿದೆ. ಮೊಬೈಲ್ ಟೈಮ್, ಕಂಪ್ಯೂಟರ್ ಟೈಮ್, ಈಗ ಯಾವ ಸಿಸ್ಟಮ್, ಹಿಂದಿನ ಸಲ ಯಾವ ಸಿಸ್ಟಮ್, ರಾತ್ರಿ ಮೇನ್ ಸ್ವಿಚ್ ಆಫ್ ಆಗಿತ್ತೇ. ಆನ್ ಮಾಡಿದಾಗಲೆಲ್ಲ ಬರೆಯಿರಿ ಎಂದೆ. ಕಾಕಾ ಉದ್ರಿ ಪುಸ್ತಕ ಬರೆಯುವ ಮನುಷ್ಯ, ಒಂದು ದಿನವೂ ತಪ್ಪಿಸಲಿಲ್ಲ.

ಆ ಪುಟ ನೋಡಿದಾಗ ತಪ್ಪುಗಳು ಎರಡು ಬಗೆಯಾಗಿ ಬೇರೆಯಾದವು. ಒಂದು ಬಗೆಯಲ್ಲಿ ವ್ಯತ್ಯಾಸ ಪ್ರತಿ ಸಲವೂ ಸರಿಯಾಗಿ 5:30. ವಿಂಡೋಸ್‌ನಲ್ಲಿ ಹಿಂದೆ, ಲಿನಕ್ಸ್‌ನಲ್ಲಿ ಮುಂದೆ, ಮತ್ತು ಸಿಸ್ಟಮ್ ಬದಲಿಸಿದಾಗ ಮಾತ್ರ. ಇನ್ನೊಂದು ಬಗೆಯಲ್ಲಿ 2012ರ ಜನವರಿ 1. ಅದು ರಾತ್ರಿ ಮೇನ್ ಆಫ್ ಮಾಡಿದ ಮರುದಿನ ಮಾತ್ರ, ಅದೂ ಎಲ್ಲ ದಿನ ಅಲ್ಲ.

ಇಡೀ ಕೆಲಸದಲ್ಲಿ ನನಗೆ ದಾರಿ ತೋರಿಸಿದ್ದು ಈ ಪುಟವೇ. ಅರ್ಧ ತಾಸಿನ ಬಾಲ ಇರುವ ವ್ಯತ್ಯಾಸ ಬಂದರೆ ನಮ್ಮಲ್ಲಿ ಅದು ಟೈಮ್ ಝೋನ್ ಗೊಂದಲ ಎಂದೇ ತಿಳಿಯಬಹುದು. ಕಂಪ್ಯೂಟರ್‌ಗೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವ, ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಹೋದರೆ ಗಡಿಯಾರ ಅಳತೆ ಮಾಡಿದ ಹಾಗೆ ಐದೂವರೆ ತಾಸು ತಪ್ಪುವುದಿಲ್ಲ. ವರ್ಷಗಟ್ಟಲೆ ಹಿಂದೆ ಹೋದರೆ ಗಡಿಯಾರಕ್ಕೆ ಕರೆಂಟ್ ಸಿಕ್ಕಿಲ್ಲ ಎಂದರ್ಥ. ದಿನಕ್ಕೆ ಸೆಕೆಂಡ್ ಎರಡು ಸೆಕೆಂಡ್ ಜಾರಿದರೆ ಅದು ಗಡಿಯಾರಕ್ಕೆ ತಾಳ ಹಾಕುವ ಕ್ರಿಸ್ಟಲ್ಲಿನ (ಸ್ಫಟಿಕದ) ಸ್ವಭಾವ, ಬಿಟ್ಟುಬಿಡಬೇಕು. ಟೈಮ್ ತಪ್ಪಿತು ಅಂದ ಕೂಡಲೇ ಎಲ್ಲರೂ 'ಸೆಲ್ ಹಾಕಿಸು' ಅಂತಾರೆ, ಅಲ್ವಾ? ಕಾಕಾ ಅವರೂ ಮೊದಲೇ ಒಂದು ಸಲ ಹಾಕಿಸಿದ್ದರು. ಗುಣ ಆಗಿರಲಿಲ್ಲ.

ಹಂತ 2: ಸೆಲ್

2012ರ ಕಥೆ ಮೊದಲು ಮುಗಿಸೋಣ ಎಂದು ಕಂಪ್ಯೂಟರ್ ಡಬ್ಬಿ ಬಿಚ್ಚಿದೆ. ಸಾಮಾನು ಇಷ್ಟೇ: ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಪೇಂಟ್ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್. ಪವರ್ ಕೇಬಲ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಉಳಿದ ಕರೆಂಟ್ ಖಾಲಿ ಮಾಡಿದೆ. ಒಳಗೆಲ್ಲ ನೂಲಿನ ಧೂಳು. ಬಟ್ಟೆ ಅಂಗಡಿ ಕಂಪ್ಯೂಟರ್ ಎಂದರೆ ಹೀಗೇ, ಸಿಪಿಯು ಫ್ಯಾನ್ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದಂತಿತ್ತು.

ಸೆಲ್ ತೆಗೆದು ಮೀಟರ್ ಇಟ್ಟರೆ 3.04 ವೋಲ್ಟ್. ಇದು ನನಗೆ ಬೇಕಾಗಿದ್ದ ಉತ್ತರ ಅಲ್ಲ. ಮೂರು ವೋಲ್ಟಿನ ಸೆಲ್ಲು ಮೂರು ಕೊಡುತ್ತಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ? ವಾಪಸ್ ಹಾಕಿ ಮುಚ್ಚೋಣ ಎನ್ನುವಷ್ಟರಲ್ಲಿ ಅದು ಹೋಲ್ಡರ್‌ನಲ್ಲಿ ಟಕ್ಕೆಂದು ಕೂರಲಿಲ್ಲ. ಬೆರಳು ಬಿಟ್ಟರೆ ಸ್ವಲ್ಪ ಅಲ್ಲಾಡುತ್ತಿತ್ತು. ಬೆಳಕಿಗೆ ಹಿಡಿದು ಮೇಲಿನ ಅಕ್ಷರ ಓದಿದೆ: ಸಿಆರ್2025.

ಈ ಬೋರ್ಡಿಗೆ ಬೇಕಾದದ್ದು ಸಿಆರ್2032. ಈ ನಂಬರಿನಲ್ಲೇ ಅಳತೆ ಇದೆ. ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಕೊನೆಯ ಎರಡು ದಪ್ಪ. 32 ಅಂದರೆ 3.2 ಮಿಲಿಮೀಟರ್, 25 ಅಂದರೆ 2.5. ವೋಲ್ಟೇಜ್ ಒಂದೇ, ಅಗಲ ಒಂದೇ, ದಪ್ಪದಲ್ಲಿ ಮಾತ್ರ 0.7 ಮಿಲಿಮೀಟರ್ ಕಡಿಮೆ. ಹಿಂದೆ ಸೆಲ್ ಹಾಕಿದವರು ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಕೆಳಗಿನ ಸ್ಪ್ರಿಂಗ್ ಪಟ್ಟಿಗೆ ಅದು ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ.

ಖಚಿತ ಮಾಡಿಕೊಳ್ಳಲು ಸೆಲ್ ಹೋಲ್ಡರ್‌ನಲ್ಲೇ ಇಟ್ಟು ಅಳೆದೆ. ಕಪ್ಪು ಪ್ರೋಬ್ ಮದರ್‌ಬೋರ್ಡಿನ ಸ್ಕ್ರೂಗೆ, ಕೆಂಪು ಪ್ರೋಬ್ ಸೆಲ್ಲಿನ ಮೇಲ್ಮೈಗೆ. ಬೆರಳಿನಿಂದ ಒತ್ತಿ ಹಿಡಿದರೆ 3 ವೋಲ್ಟ್. ಬಿಟ್ಟರೆ ಮೀಟರ್‌ನಲ್ಲಿ ಅಂಕಿ ಕುಣಿಯುತ್ತಿತ್ತು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೊರಗೆ ತೆಗೆದು ಮಾತ್ರ ಅಳೆದು ಬಿಟ್ಟಿದ್ದರೆ ಇದು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಎಲ್ಲ ದಿನ 2012 ಯಾಕೆ ಬರುತ್ತಿರಲಿಲ್ಲ ಎನ್ನುವುದಕ್ಕೂ ಇಲ್ಲೇ ಉತ್ತರ. ಮೇನ್ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ (ಒಳಗಿನ ಪವರ್ ಸಪ್ಲೈಯಿಂದ) ಬೋರ್ಡಿಗೆ ಸಣ್ಣದೊಂದು ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಿರುತ್ತದೆ. ಗಡಿಯಾರ ಅದರ ಮೇಲೆ ಓಡುತ್ತದೆ. ಅಂಗಡಿ ಮುಚ್ಚುವಾಗ ಮೇನ್ ಆಫ್ ಮಾಡಿದರೆ ಸೆಲ್ ಒಂದೇ ಗತಿ. ಅದು ಆ ರಾತ್ರಿ ತಾಗಿಕೊಂಡಿದ್ದರೆ ಬಚಾವ್.

ಗುಳೇದಗುಡ್ಡದಲ್ಲಿ ಆ ಸಂಜೆ 2032 ಸಿಗಲಿಲ್ಲ. ಮರುದಿನ ಬಾಗಲಕೋಟೆ ನವನಗರದಲ್ಲಿ ತಗೊಂಡೆ, 40 ರೂಪಾಯಿ. ರಬ್ಬರ್‌ನಿಂದ ಹೋಲ್ಡರ್ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ ತೆಗೆದು, ಹೊಸ ಸೆಲ್ ಕೂರಿಸಿದೆ. ಟಕ್ಕೆಂದು ಕೂತಿತು. ಹೋಲ್ಡರ್‌ನಲ್ಲೇ ಅಳೆದರೆ 3.21, ಒತ್ತಿದರೂ ಬಿಟ್ಟರೂ ಅಷ್ಟೇ.

ಹಂತ 3: ಎಫ್2 ಒತ್ತಿದ್ದಕ್ಕೆ ಬಂದ ನೀಲಿ ಪರದೆ

ಆನ್ ಮಾಡಿದಾಗ ಬಯೋಸ್, ಅಂದರೆ ವಿಂಡೋಸ್, ಲಿನಕ್ಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಂ, ಕಪ್ಪು ಪರದೆ ತೋರಿಸಿತು. ತಾರೀಖು, ಸಮಯ ಸೆಟ್ ಆಗಿಲ್ಲ, ಸೆಟಪ್‌ಗೆ ಎಫ್1, ಡಿಫಾಲ್ಟ್ ಹಾಕಿ ಮುಂದುವರಿಯಲು ಎಫ್2. ಕಾಕಾ ಇಷ್ಟು ದಿನ ಎಫ್1 ಒತ್ತಿ, ಏನೂ ಮುಟ್ಟದೆ ಹೊರಗೆ ಬರುತ್ತಿದ್ದರಂತೆ. ನಾನು ಎಫ್2 ಒತ್ತಿದೆ.

ವಿಂಡೋಸ್ ಲೋಗೋ ಬಂತು, ನೀಲಿ ಪರದೆ ಬಂತು, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬರೆದು ತಾನೇ ರಿಸ್ಟಾರ್ಟ್ ಆಯಿತು. ಮತ್ತೆ ಅದೇ. ಕಾಕಾ ಹಿಂದೆ ನಿಂತು ನೋಡುತ್ತಿದ್ದರು. "ಬಿಲ್ ಎಲ್ಲಾ ಹೋತೇನಪಾ?" ಎಂದರು. ಅಂಥ ಹೊತ್ತಿನಲ್ಲಿ ಏನೂ ಹೇಳದಿರುವುದೇ ಲೇಸು.

ಲಿನಕ್ಸ್ ಮಾತ್ರ ಆರಾಮಾಗಿ ಬೂಟ್ ಆಯಿತು. ಎಸ್‌ಎಸ್‌ಡಿಯ ಫೈಲುಗಳೂ ಕಾಣುತ್ತಿದ್ದವು. ಅಂದರೆ ಡಿಸ್ಕ್ ಚೆನ್ನಾಗಿದೆ, ವಿಂಡೋಸ್ ಅದನ್ನು ಹಿಡಿಯುವ ರೀತಿ ಬದಲಾಗಿದೆ. ಬಯೋಸ್‌ಗೆ ಹೋಗಿ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕ್ ಜೊತೆ ಮಾತಾಡುವ ರೀತಿ, ನೋಡಿದೆ. ಡಿಫಾಲ್ಟ್ ಹಾಕಿದ್ದರಿಂದ ಐಡಿಇ ಆಗಿತ್ತು. ಈ ಬೋರ್ಡಿನ ಕಾರ್ಖಾನೆ ಸೆಟ್ಟಿಂಗ್ ಅದೇ. ವಿಂಡೋಸ್ ಇನ್‌ಸ್ಟಾಲ್ ಆದದ್ದು ಎಎಚ್‌ಸಿಐ ಮೋಡಿನಲ್ಲಿ. ಬದಲಿಸಿ, ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ಬಂತು, ಬಿಲ್ಲುಗಳೂ ಬಂದವು.

ಸೆಲ್ ಬದಲಿಸುವ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ. ಸಾಟಾ ಮೋಡ್, ಬೂಟ್ ಆರ್ಡರ್, ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು ಎನ್ನುವ ಸೆಟ್ಟಿಂಗ್, ಈ ಮೂರನ್ನಂತೂ ಬಿಡಬೇಡಿ.

ಈ ಹಂತದಲ್ಲಿ ಇನ್ನೊಂದು ಗುಟ್ಟು ಗೊತ್ತಾಯಿತು. ನೋಟ್‌ಬುಕ್ ಪುಟದಲ್ಲಿ 2012 ಬಂದದ್ದೆಲ್ಲ ವಿಂಡೋಸ್ ತೆರೆದ ದಿನಗಳು. ಲಿನಕ್ಸ್ ತೆರೆದ ದಿನ ಒಂದೂ ಇಲ್ಲ. ಲಿನಕ್ಸ್‌ಗೆ ಏನೂ ಆಗಿಲ್ಲ ಎಂದು ತಂಗಿ ವಾದ ಮಾಡುತ್ತಿದ್ದಳು. ಆಗಿದ್ದೇನೆಂದರೆ, ಮಿಂಟ್‌ನಲ್ಲಿ ಟೈಮ್ ಸಿಂಕ್ ಮಾಡುವ ಸೇವೆ ತಾನು ಕೊನೆಯದಾಗಿ ಕಂಡ ಸಮಯವನ್ನು ಡಿಸ್ಕ್‌ನಲ್ಲಿ ಗುರುತು ಹಾಕಿಟ್ಟಿರುತ್ತದೆ. ಬೂಟ್ ಆಗುವಾಗ ಯಂತ್ರದ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಆ ಗುರುತಿನಿಂದಲೇ ಶುರು ಮಾಡುತ್ತದೆ. ಹಾಗಾಗಿ 2012ರ ಬದಲು ಲಿನಕ್ಸ್‌ನಲ್ಲಿ ನಿನ್ನೆಯ ಸಂಜೆ ಕಾಣುತ್ತಿತ್ತು. ಅವಳು ನೆಟ್ ಹಾಕಿದ ಕೂಡಲೇ ಅದೂ ಮಾಯ. ವಿಂಡೋಸ್‌ಗೆ ಈ ಗುಣ ಇಲ್ಲ. ಮನೆ, ಅಂಗಡಿಯ ವಿಂಡೋಸ್‌ನಲ್ಲಿ ಟೈಮ್ ಸೇವೆಗೆ 54000 ಸೆಕೆಂಡ್ ಅಂದರೆ 15 ತಾಸಿನ ಮಿತಿಯೂ ಇದೆ, ಅದಕ್ಕಿಂತ ಜಾಸ್ತಿ ತಪ್ಪಿದ್ದರೆ ಅದು ತಾನಾಗಿ ಸರಿ ಮಾಡುವುದಿಲ್ಲ. 2012ರಲ್ಲಿ ನಿಂತ ವಿಂಡೋಸ್‌ನಲ್ಲಿ ಬ್ರೌಸರ್ ಒಂದು ಸೈಟನ್ನೂ ತೆರೆಯುತ್ತಿರಲಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಆರ್ಥಿಕ ವರ್ಷಕ್ಕೆ ಹೊಂದದ ತಾರೀಖನ್ನು ಒಪ್ಪದ ಕಾರಣ 2012ರ ಬಿಲ್ಲು ಒಂದೂ ಹೊರಬಿದ್ದಿಲ್ಲ. ಅದೊಂದು ಪುಣ್ಯ.

ಹಂತ 4: ಲಿನಕ್ಸ್ ಕಡೆಯಿಂದ ಮಾಡಿದ ಪ್ರಯತ್ನ (ಫೇಲ್)

ಹೊಸ ಸೆಲ್ ಹಾಕಿ, ರಾತ್ರಿಯಿಡೀ ಮೇನ್ ಆಫ್ ಇಟ್ಟು ನೋಡಿದೆ. 2012 ಬರಲಿಲ್ಲ. ಐದೂವರೆ ತಾಸಿನ ವ್ಯತ್ಯಾಸ ಮಾತ್ರ ಹಾಗೇ ಇತ್ತು, ಅಂದುಕೊಂಡಂತೆಯೇ.

ಕಾರಣ ಎರಡೇ ಮಾತಿನಲ್ಲಿ ಹೇಳುತ್ತೇನೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಗಂಟೆ, ತಾರೀಖು ಇರುತ್ತದೆ, ಅದು ಯಾವ ದೇಶದ ಗಂಟೆ ಎಂದು ಇರುವುದಿಲ್ಲ. 1984ರ ಐಬಿಎಂ ಪಿಸಿ ಎಟಿಯ ಕಾಲದಿಂದಲೂ ಹೀಗೇ. ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ, ಎಂದು ಓದುತ್ತದೆ. ಅಂಗಡಿಯ ಒಂದೇ ಪುಸ್ತಕದಲ್ಲಿ ಒಬ್ಬ ಮೀಟರ್‌ನಲ್ಲಿ, ಇನ್ನೊಬ್ಬ ಗಜದಲ್ಲಿ ಬಟ್ಟೆಯ ಅಳತೆ ಬರೆದಂತೆ. ಇಬ್ಬರೂ ಬರೆಯುವುದು ಅಂಕಿ ಮಾತ್ರ. ಬೆಳಗ್ಗೆ 10ಕ್ಕೆ ಲಿನಕ್ಸ್ ಅಲ್ಲಿ 4:30 ಎಂದು ಬರೆದಿಟ್ಟರೆ ವಿಂಡೋಸ್ ಅದನ್ನು ನಸುಕಿನ 4:30 ಅಂದುಕೊಳ್ಳುತ್ತದೆ. ಕಾಕಾ ವಿಂಡೋಸ್‌ನಲ್ಲಿ ಕೈಯಾರೆ 10 ಎಂದು ತಿದ್ದಿದರೆ ಲಿನಕ್ಸ್ ಅದಕ್ಕೆ ಐದೂವರೆ ಸೇರಿಸಿ ಮಧ್ಯಾಹ್ನ 3:30 ತೋರಿಸುತ್ತದೆ. ನೆಟ್ ಸಿಕ್ಕು ಟೈಮ್ ಸಿಂಕ್ ಆದ ಮೇಲೆ ಲಿನಕ್ಸ್ ಕರ್ನೆಲ್ (ಅದರ ತಿರುಳು) ಸುಮಾರು 11 ನಿಮಿಷಕ್ಕೊಮ್ಮೆ ಬೋರ್ಡಿನ ಗಡಿಯಾರಕ್ಕೆ ಯುಟಿಸಿ ಬರೆಯುತ್ತಲೇ ಇರುತ್ತದೆ. ಕಾಕಾ ಬೆಳಗ್ಗೆ ತಿದ್ದುವುದು, ತಂಗಿ ಸಂಜೆ ಕೆಡಿಸುವುದು, ಇಬ್ಬರಿಗೂ ಗೊತ್ತಿಲ್ಲದೆ ನಡೆದಿತ್ತು.

ಇಬ್ಬರಲ್ಲಿ ಒಬ್ಬರನ್ನು ಬದಲಿಸಬೇಕು. ಲಿನಕ್ಸ್ ಬದಲಿಸುವುದು ಸುಲಭ, ಒಂದೇ ಕಮಾಂಡ್. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂದಷ್ಟೇ ಕೊಟ್ಟರೆ ಸ್ಥಳೀಯ ಸಮಯ, ಯುಟಿಸಿ, ಆರ್‌ಟಿಸಿ ಅಂದರೆ ಬೋರ್ಡಿನ ಸಮಯ, ಟೈಮ್ ಝೋನ್ ಎಲ್ಲ ಸಾಲಾಗಿ ಬರುತ್ತವೆ. ಝೋನ್ ಏಷ್ಯಾ/ಕೋಲ್ಕತಾ ಎಂದು ಸರಿಯಾಗಿಯೇ ಇತ್ತು. ಕೊನೆಯ ಸಾಲು 'ಆರ್‌ಟಿಸಿ ಇನ್ ಲೋಕಲ್ ಟಿಝಡ್: ನೋ'. ಇದನ್ನು 'ಯೆಸ್' ಮಾಡಲು 'ಸೆಟ್-ಲೋಕಲ್-ಆರ್‌ಟಿಸಿ 1' ಕೊಡಬೇಕು. ಎಲ್ಲೆಡೆ ಇದರ ಜೊತೆ 'ಅಡ್ಜಸ್ಟ್-ಸಿಸ್ಟಮ್-ಕ್ಲಾಕ್' ಎಂಬ ಬಾಲ ಸೇರಿಸಿ ಬರೆದಿರುತ್ತಾರೆ. ನಾನೂ ಸೇರಿಸಿದೆ.

ಮೊಬೈಲ್‌ನಲ್ಲಿ 11:40. ಎಂಟರ್ ಒತ್ತಿದ ಕೂಡಲೇ ಮಿಂಟ್‌ನ ಮೂಲೆಯ ಗಡಿಯಾರ 6:10ಕ್ಕೆ ಹಾರಿತು.

ಆ ಬಾಲದ ಕೆಲಸವೇ ಅದು. ಬಾಲ ಇಲ್ಲದಿದ್ದರೆ ಸಿಸ್ಟಮ್ ಟೈಮ್ ನೋಡಿ ಬೋರ್ಡಿನ ಗಡಿಯಾರ ತಿದ್ದುತ್ತದೆ. ಬಾಲ ಇದ್ದರೆ ಉಲ್ಟಾ, ಬೋರ್ಡಿನ ಗಡಿಯಾರ ನೋಡಿ ಸಿಸ್ಟಮ್ ಟೈಮ್ ತಿದ್ದುತ್ತದೆ. ಬೋರ್ಡಿನಲ್ಲಿ ಆಗ ಇದ್ದದ್ದು ಯುಟಿಸಿಯ 6:10. ಅದನ್ನೇ ನಮ್ಮ ಸಮಯ ಎಂದು ಓದಿತು. ಸರಿ, ನೆಟ್ ಹಾಕಿದರೆ ತಾನೇ ಸರಿಹೋಗುತ್ತದೆ ಎಂದು ಲ್ಯಾನ್ ಕೇಬಲ್ ಚುಚ್ಚಿದೆ. ಲಿನಕ್ಸ್‌ನಲ್ಲಿ ಟೈಮ್ ಸರಿಹೋಯಿತು. ಅರ್ಧ ತಾಸು ಬಿಟ್ಟು ವಿಂಡೋಸ್‌ಗೆ ಹೋದರೆ ಅಲ್ಲಿ ಮತ್ತೆ ಐದೂವರೆ ತಾಸು ಹಿಂದೆ. ಬೋರ್ಡಿನ ಗಡಿಯಾರ ಬದಲಾಗಿರಲೇ ಇಲ್ಲ.

ಇದಕ್ಕೆ ಕಾರಣ ಟೈಮ್‌ಡೇಟ್‌ಸಿಟಿಎಲ್ ತೋರಿಸುವ ಎಚ್ಚರಿಕೆಯಲ್ಲೇ ಇದೆ. ಉದ್ದ ಇದೆ ಎಂದು ಯಾರೂ ಓದುವುದಿಲ್ಲ. ಬೋರ್ಡಿನ ಗಡಿಯಾರ ಸ್ಥಳೀಯ ಸಮಯದಲ್ಲಿದ್ದರೆ ಅದನ್ನು ತಿದ್ದುವ ಕೆಲಸಕ್ಕೇ ತಾನು ಹೋಗುವುದಿಲ್ಲ ಎಂದು ಅದು ಬರೆದು ಹೇಳುತ್ತದೆ. ಅಂದರೆ ಆ 11 ನಿಮಿಷದ ತಿದ್ದುಪಡಿ ಬಂದ್. ಬಾಲ ಬಿಟ್ಟು ಕಮಾಂಡ್ ಕೊಟ್ಟಿದ್ದರೆ ಅವತ್ತಿಗೆ ಸರಿಹೋಗುತ್ತಿತ್ತು, ಅದು ನಿಜ. ಆಮೇಲೆ ಗಡಿಯಾರ ಜಾರಿದರೆ ಲಿನಕ್ಸ್ ಕೈಕಟ್ಟಿ ಕೂರುತ್ತದೆ.

ಪುಸ್ತಕಗಳಲ್ಲಿ ಈ ವಿಧಾನ ಬೇಡ ಎನ್ನಲು ಕೊಡುವ ದೊಡ್ಡ ಕಾರಣ ಬೇಸಿಗೆ ಸಮಯ, ವರ್ಷಕ್ಕೆರಡು ಸಲ ಗಡಿಯಾರ ಒಂದು ತಾಸು ಹಿಂದೆ ಮುಂದೆ ಮಾಡುವ ಪದ್ಧತಿ. ನಮ್ಮ ದೇಶದಲ್ಲಿ ಅದು ಇಲ್ಲ. ಹಾಗಾಗಿ ನಮಗೆ ಆ ಭಯ ಬೇಡ. ನಾನು ಇದನ್ನು ಬಿಟ್ಟದ್ದಕ್ಕೆ ಬೇರೆ ಕಾರಣ. ನನ್ನ ಬಳಿ ರಿಪೇರಿಗೆಂದು ಇರುವ ಲಿನಕ್ಸ್ ಪೆನ್‌ಡ್ರೈವ್‌ಗೆ ಈ ಸೆಟ್ಟಿಂಗ್ ಗೊತ್ತಿಲ್ಲ. ಅದರಿಂದ ಬೂಟ್ ಮಾಡಿ ನೆಟ್ ಹಾಕಿದರೆ ಅದು ಮತ್ತೆ ಯುಟಿಸಿ ಬರೆಯುತ್ತದೆ. ನಾಳೆ ತಂಗಿ ಇನ್ನೊಂದು ಲಿನಕ್ಸ್ ಹಾಕಿದರೂ ಅದೇ ಕಥೆ. ಯಂತ್ರಕ್ಕೆ ಮುಂದೆ ಬರುವವರೆಲ್ಲ ಯುಟಿಸಿಯವರೇ ಆದರೆ ವಿಂಡೋಸ್ ಒಂದನ್ನೇ ದಾರಿಗೆ ತರುವುದು ವಾಸಿ.

'ಸೆಟ್-ಲೋಕಲ್-ಆರ್‌ಟಿಸಿ 0' ಕೊಟ್ಟು ಹಿಂದಿನ ಸ್ಥಿತಿಗೆ ತಂದೆ, ಈ ಸಲ ಬಾಲ ಇಲ್ಲದೆ, ಮೊಬೈಲ್ ಜೊತೆ ಟೈಮ್ ತಾಳೆ ನೋಡಿದ ಮೇಲೆ. ಬೋರ್ಡಿನ ಸಮಯ ಮತ್ತು ಯುಟಿಸಿ ಸಾಲು ಎರಡೂ ಒಂದೇ ಬಂದವು.

ಇಲ್ಲಿ ಕಾಲು ಜಾರುವ ಇನ್ನೊಂದು ಜಾಗ ಇದೆ. ಬೋರ್ಡಿನ ಗಡಿಯಾರ ನೋಡಲು 'ಎಚ್‌ಡಬ್ಲ್ಯೂಕ್ಲಾಕ್' ಎಂಬ ಕಮಾಂಡ್ ಇದೆ. ಅದು ಒಳಗಿನ ಸಮಯ ಯುಟಿಸಿಯಲ್ಲಿದ್ದರೂ ನಮ್ಮ ಸಮಯಕ್ಕೆ ಬದಲಿಸಿಯೇ ತೋರಿಸುತ್ತದೆ. ಅದನ್ನು ನಂಬಿ ಬೋರ್ಡಿನಲ್ಲಿ ಸ್ಥಳೀಯ ಸಮಯವೇ ಇದೆ ಎಂದು ಬಹಳ ಜನ ಮೋಸ ಹೋಗುತ್ತಾರೆ. ಒಳಗೆ ನಿಜವಾಗಿ ಏನಿದೆ ಎಂದು ನೋಡಲು ಟೈಮ್‌ಡೇಟ್‌ಸಿಟಿಎಲ್‌ನ ಆರ್‌ಟಿಸಿ ಸಾಲು, ಇಲ್ಲವೇ ಬಯೋಸ್ ಪರದೆ.

ಹಂತ 5: ವಿಂಡೋಸ್ ಕಡೆಯಿಂದ (ಪಾಸ್)

ಮೊದಲು ಫಾಸ್ಟ್ ಸ್ಟಾರ್ಟಪ್ ತೆಗೆದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟ, ಅಲ್ಲಿ ಟಿಕ್ ತೆಗೆಯುವುದು. ಇದು ಆನ್ ಇದ್ದರೆ ಶಟ್‌ಡೌನ್ ಎನ್ನುವುದು ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕ್‌ಗೆ ಬರೆದು ಮಲಗಿರುತ್ತದೆ. ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಏನೂ ಬರೆಯಲು ಆಗುತ್ತಿಲ್ಲ ಎಂದು ತಂಗಿ ಹೇಳುತ್ತಿದ್ದಳಲ್ಲ, ಅದಕ್ಕೂ ಇದೇ ಕಾರಣ. ಒಂದೇ ಟಿಕ್‌ನಲ್ಲಿ ಅದೂ ಸರಿಹೋಯಿತು.

ಆಮೇಲೆ ರಿಜಿಸ್ಟ್ರಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ. ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಂಡು ರೆಜ್‌ಎಡಿಟ್ ತೆರೆದೆ. ದಾರಿ ಹೀಗಿದೆ: ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕೊನೆಗೆ ಟೈಮ್ ಝೋನ್ ಇನ್‌ಫರ್ಮೇಶನ್. ಅಲ್ಲಿ ಬಲಗಡೆ ಹೊಸ ಡಿವರ್ಡ್ (ಅಂಕಿ ಇಡುವ ಬಗೆಯ) ಮೌಲ್ಯ ಸೇರಿಸಬೇಕು. ಹೆಸರು ರಿಯಲ್ ಟೈಮ್ ಈಸ್ ಯೂನಿವರ್ಸಲ್, ನಾಲ್ಕು ಪದವೂ ಸೇರಿಸಿ, ನಡುವೆ ಜಾಗ ಬಿಡದೆ. ದೊಡ್ಡಕ್ಷರ ಸಣ್ಣಕ್ಷರ ರಿಜಿಸ್ಟ್ರಿಗೆ ಲೆಕ್ಕಕ್ಕಿಲ್ಲ, ಸ್ಪೆಲಿಂಗ್ ತಪ್ಪಬಾರದು. ತಪ್ಪಿದರೆ ಯಾವ ಎರರ್ ಕೂಡ ಬರುವುದಿಲ್ಲ, ಸುಮ್ನೆ ಕೆಲಸ ಮಾಡುವುದಿಲ್ಲ. ಬೆಲೆ 1 ಹಾಕಿ ಓಕೆ.

ಇಲ್ಲಿ ಟೈಮ್ ತಿದ್ದಲು ಹೋಗಬೇಡಿ. ಮೊದಲು ರಿಸ್ಟಾರ್ಟ್. ನಾನು ರಿಸ್ಟಾರ್ಟ್ ಮಾಡಿದಾಗ ಮೊಬೈಲ್‌ನಲ್ಲಿ 1:05, ವಿಂಡೋಸ್‌ನಲ್ಲೂ 1:05. ಲ್ಯಾನ್ ಕೇಬಲ್ ಹೊರಗಿತ್ತು, ಅಂದರೆ ನೆಟ್‌ನಿಂದ ತಗೊಂಡ ಟೈಮ್ ಅಲ್ಲ. ಆಮೇಲೆ ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ನೌ ಒತ್ತಿದೆ.

ಹಂತ 6: ಪರೀಕ್ಷೆ

ನೆಟ್ ಇದ್ದಾಗ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಸಿಂಕ್ ಆಗಿ ತಪ್ಪು ಮುಚ್ಚಿಹೋಗುತ್ತದೆ. ಹಾಗಾಗಿ ಪ್ರತಿ ಸಲ ಸಿಸ್ಟಮ್ ಬದಲಿಸುವ ಮುಂಚೆ ಕೇಬಲ್ ಕಿತ್ತೆ.

ಲಿನಕ್ಸ್‌ನಲ್ಲಿ ನೆಟ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ಅಂದರೆ 11 ನಿಮಿಷದ ಬರವಣಿಗೆ ಆಗಲು ಬಿಟ್ಟು, ಕೇಬಲ್ ಕಿತ್ತು ವಿಂಡೋಸ್‌ಗೆ ಹೋದೆ. ಸರಿ ಇತ್ತು. ವಿಂಡೋಸ್‌ನಲ್ಲಿ ಸಿಂಕ್ ಮಾಡಿ, ಕೇಬಲ್ ಕಿತ್ತು ಲಿನಕ್ಸ್‌ಗೆ. ಸರಿ. ವಿಂಡೋಸ್‌ನಲ್ಲಿ ಕೈಯಾರೆ ಹತ್ತು ನಿಮಿಷ ಮುಂದೆ ಮಾಡಿ ಲಿನಕ್ಸ್‌ಗೆ ಹೋದರೆ ಅಲ್ಲೂ ಹತ್ತೇ ನಿಮಿಷ ಮುಂದೆ. ಎರಡೂ ಒಂದೇ ಲೆಕ್ಕ ಹಿಡಿದಿವೆ ಎನ್ನುವುದಕ್ಕೆ ನನಗೆ ಜಾಸ್ತಿ ನಂಬಿಕೆ ಬಂದದ್ದು ಇದರಿಂದ. ರಿಪೇರಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೆಟ್ ಹಾಕಿ ಬಂದರೂ ವಿಂಡೋಸ್ ಅಲುಗಲಿಲ್ಲ. ಕೊನೆಗೆ ರಾತ್ರಿ ಮೇನ್ ಆಫ್. ಬೆಳಗ್ಗೆ ನೇರ ಬಯೋಸ್‌ಗೆ ಹೋದೆ. ಮೊಬೈಲ್ 9:42, ಬಯೋಸ್ 4:12.

ಹಂತ 7: ಮುಂದೆ ಬರುವವರಿಗೆ ಚೀಟಿ

ಆ 4:12 ನೋಡಿದ ಕೂಡಲೇ ಕಾಕಾ, "ಇನ್ನೂ ತಪ್ಪೇ ಐತಲ್ಲೋ" ಎಂದರು. ತಪ್ಪಲ್ಲ, ಬಯೋಸ್‌ನಲ್ಲಿ ಇನ್ನು ಮೇಲೆ ಐದೂವರೆ ತಾಸು ಹಿಂದೆ ಇರುವುದೇ ಸರಿ. ಆದರೆ ಅವರಿಗೆ ಅನಿಸಿದ್ದೇ ನಾಳೆ ರಿಪೇರಿಗೆ ಬರುವ ಹುಡುಗನಿಗೂ ಅನಿಸುತ್ತದೆ. ಅವನು ಉಪಕಾರ ಅಂತ 9:42 ಎಂದು ತಿದ್ದಿ ಹೋಗುತ್ತಾನೆ, ಆಗ ವಿಂಡೋಸ್, ಲಿನಕ್ಸ್ ಎರಡೂ ಒಟ್ಟಿಗೆ ಮುಂದೆ ಓಡುತ್ತವೆ. ಅದಕ್ಕೆ ಖಣದ ಡಬ್ಬಿಯ ರಟ್ಟು ಕತ್ತರಿಸಿ ಸ್ಕೆಚ್ ಪೆನ್ನಿನಲ್ಲಿ ಬರೆದು ಕಂಪ್ಯೂಟರ್ ಡಬ್ಬಿಯ ಒಳಬದಿಗೆ ಅಂಟಿಸಿದೆ: 'ಬಯೋಸ್ ಟೈಮ್ 5:30 ಹಿಂದೆ ಇರಬೇಕು. ತಿದ್ದಬೇಡಿ. ಸಾಟಾ ಎಎಚ್‌ಸಿಐ. ಸೆಲ್ 2032 ಮಾತ್ರ.' ವಿಂಡೋಸ್ ಹೊಸದಾಗಿ ಹಾಕಿದರೆ ರಿಜಿಸ್ಟ್ರಿ ಮೌಲ್ಯ ಮತ್ತೆ ಸೇರಿಸಬೇಕು ಎನ್ನುವುದನ್ನೂ ಕೆಳಗೆ ಬರೆದೆ.

ಬಯೋಸ್‌ನಲ್ಲಿ ಅಲಾರಂ ಇಟ್ಟು ಕಂಪ್ಯೂಟರ್ ತಾನೇ ಆನ್ ಆಗುವಂತೆ ಮಾಡಿಕೊಂಡವರು ಆ ಅಲಾರಂ ಕೂಡ ಬದಲಿಸಬೇಕು. ಬೆಳಗ್ಗೆ 9ಕ್ಕೆ ಆನ್ ಆಗಬೇಕಿದ್ದರೆ ಅಲ್ಲಿ 3:30 ಹಾಕಬೇಕು. ಕಾಕಾ ಅದನ್ನು ಬಳಸುವುದಿಲ್ಲ.

ಖರ್ಚು

ಸೆಲ್ 40 ರೂಪಾಯಿ. ರಬ್ಬರ್ 5. ಧೂಳು ತೆಗೆದ ಬ್ರಷ್ 30. ಮಲ್ಟಿಮೀಟರ್ ನನ್ನದೇ, ಹಿಂದೆ 350ಕ್ಕೆ ತಗೊಂಡದ್ದು. ಬಸ್ಸಿನ ಖರ್ಚು ಸೇರಿಸಿಲ್ಲ. ಕಾಕಾ ದುಡ್ಡು ಕೊಡಲು ಬಂದರು, ಬೇಡ ಅಂದೆ. ಕಾಕು ಎರಡು ಖಣ ಕಟ್ಟಿ ಕೊಟ್ಟರು, ಅದಕ್ಕೆ ಬೇಡ ಅನ್ನಲಿಲ್ಲ.

ಉಳಿದದ್ದು ಕ್ರಿಸ್ಟಲ್ಲಿನ ಜಾರುವಿಕೆ. ಲಿನಕ್ಸ್ ತೆರೆಯದೆ, ನೆಟ್ ಇಲ್ಲದೆ, ಬರೀ ವಿಂಡೋಸ್‌ನಲ್ಲಿ ಒಂದು ವಾರ ಬಿಟ್ಟು ನೋಡಿದರೆ ಬೋರ್ಡಿನ ಗಡಿಯಾರ 9 ಸೆಕೆಂಡ್ ಹಿಂದೆ ಬಿದ್ದಿತ್ತು. ಇಂಥ ಕ್ರಿಸ್ಟಲ್ಲಿಗೆ ದಿನಕ್ಕೆ ಒಂದೂವರೆ ಸೆಕೆಂಡಿನಷ್ಟು ಹೆಚ್ಚುಕಡಿಮೆ ಸಹಜ. ತಂಗಿ ರಜೆಗೆ ಬಂದು ಲಿನಕ್ಸ್‌ಗೆ ನೆಟ್ ಹಾಕಿದ 11 ನಿಮಿಷದಲ್ಲಿ ಅದೂ ಸರಿಹೋಗುತ್ತದೆ.